ರಕ್ತ ಬರದ ಪೆಟ್ಟು

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಬಿ.ಪಿ. ನೋಡಿಸಲು ಕೂತಿದ್ದ ಶಕುಂತಲಮ್ಮನ ಪಕ್ಕದ ಬೆಂಚಿಗೆ ಗುತ್ತೂರಿನ ಅತ್ತೆ ರಂಗವ್ವ, ಮಗ, ಸೊಸೆ ಬಂದು ಕೂತರು. ಸೊಸೆ ಚೌಡೇಶ್ವರಿ ಟ್ರ್ಯಾಕ್ಟರಿನಿಂದ ಬಿದ್ದಿದ್ದಳೆಂದು ಅವರ ಮಾತಿನಿಂದಲೇ ತಿಳಿಯಿತು.

“ಕನ್‌ಕಷನ್ ಅಂತೆ ಅವ್ವ. ಬಿದ್ದ ಹೊಡೆತಕ್ಕೆ ಮೆದುಳು ಒಳಗೇ ಅಲ್ಲಾಡೈತೆ. ಎರಡು ವಾರ ಗದ್ದೆ ಕೆಲಸ ಬ್ಯಾಡ ಅಂದ್ರು ಡಾಕ್ಟ್ರು,” ಎಂದ ಮಗ ನಿಂಗರಾಜ್.

“ರಕ್ತ ಬಂತೇನೋ?” ಎಂದಳು ರಂಗವ್ವ.

“ಇಲ್ಲ.”

“ಸ್ಕ್ಯಾನಿನಾಗ ಏನರ ಕಾಣ್ತೇನು?”

“ಏನೂ ಇಲ್ಲ.”

“ಏನೂ ಇಲ್ಲದ್ದಕ್ಕೂ ಒಂದು ಹೆಸರು! ಮೈಗಳ್ಳರಿಗೆ ಹೇಳಿ ಮಾಡಿಸಿದ ರೋಗ. ಕೆಂಚವೀರಪ್ಪನ ಮನೆಯೋರು ನಮ್ಮ ಗದ್ದೆಗೆ ನಾಟಿ ಹಚ್ಚಿ ಹೋಗ್ಯಾರ. ನಾಳೆ ಅವರ ಗದ್ದೆಗೆ ಇಳಿದು ಮುಯ್ಯಿ ತೀರಿಸೋರು ಯಾರು?”

“ನೀವೇ ಹೋಗ್ರಿ ಅತ್ತಿ,” ಎಂದಳು ಚೌಡೇಶ್ವರಿ, ಕಣ್ಣು ಮುಚ್ಚಿಕೊಂಡೇ.

“ನನ್ನ ಮೊಣಕಾಲು ನೋವು ಗೊತ್ತಿಲ್ಲೇನೇ ನಿನಗ?”

“ಗೊತ್ತೈತ್ರಿ. ರಕ್ತ ಬಂದಿಲ್ಲ. ನಿಮ್ಮ ಎಕ್ಸ್‌ರೇದಾಗೂ ಏನೂ ಕಂಡಿಲ್ಲ.”

ಶಕುಂತಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಗು ತಡೆದಳು. ರಂಗವ್ವ ಮೊಣಕಾಲು ಹಿಡಿದುಕೊಂಡು ಎದ್ದಳು.

“ಏಳ್ರಿ, ಹರಿಹರದ ಬಸ್ ಹೊಂಟೀತು. ನಿಂಗ್ಯಾ, ಕೆಂಚವೀರಪ್ಪಗ ಫೋನ್ ಹಚ್ಚು, ಕಳೆ ತೆಗಿಯೋವಾಗ ಬರ್ತೀವಂತ ಹೇಳು. ಮೆದುಳು ಅಲ್ಲಾಡೈತಂತೆ ಮೆದುಳು! ನಾಲಿಗೆ ಮಾತ್ರ ಜಾಗ ಬಿಟ್ಟು ಕದಲಿಲ್ಲ.”