ಇಪ್ಪತ್ತೇಳನೇ ರೇಡಿಯೋ

ಮತ್ತೆ ಯಾರು ಬಾಗಿಲು ತೆರೆದದ್ದು? ಮೂರು ಸಲ ಕತೆ ಶುರು ಮಾಡಿದೆ. ಮೂರು ಸಲವೂ ಒಬ್ಬರಿಗೆ ನೀರು, ಒಬ್ಬರಿಗೆ ಉಚ್ಚೆ, ಒಬ್ಬರಿಗೆ ಫೋನು. ಮಗು ಈಗಷ್ಟೇ ಕಣ್ಣು ಮುಚ್ಚಿದೆ. ಇನ್ನೊಮ್ಮೆ ತಡೆದರೆ ನಾನು ಹೇಳುವುದಿಲ್ಲ, ನಿಮ್ಮಷ್ಟಕ್ಕೆ ನೀವೇ ಹೆದರಿಕೊಳ್ಳಿ.

ಇದು ನನ್ನ ದೊಡ್ಡಪ್ಪನ ಮಗಳು ಲೊರೀನ್‌ಗೆ ಆದದ್ದು. ನಮ್ಮ ಕೌಂಟಿಯ ಪೊಲೀಸರ ಕೈರೇಡಿಯೋಗಳನ್ನು ನೋಡಿಕೊಳ್ಳುವವಳು ಅವಳೇ. ಪೊಲೀಸರ ಮಾತು ಕಳ್ಳರ ಕಿವಿಗೆ ಬೀಳಬಾರದಲ್ಲ, ಅದಕ್ಕೇ ಪ್ರತಿ ರೇಡಿಯೋದೊಳಗೂ ಒಂದು ಗುಪ್ತ ಕೀಲಿ, ಅಂದರೆ ಸಂಕೇತ, ಇರುತ್ತದೆ. ಪುಟ್ಟ ಪೆಟ್ಟಿಗೆಯೊಂದರ ತಂತಿ ಸಿಕ್ಕಿಸಿಯೇ ಅದನ್ನು ತುಂಬಬೇಕು. ಒಂದು ರೇಡಿಯೋ ಕಳೆದುಹೋದರೂ ಉಳಿದ ಎಲ್ಲದರ ಕೀಲಿ ಬದಲಾಗಬೇಕು. ಆಮೇಲೆ ಕಳೆದದ್ದು ಕಿವುಡು... ಮೂಕ.

ಆ ಏಪ್ರಿಲ್‌ನಲ್ಲಿ ಹಿಮ ಕರಗಿ ನದಿ ಉಕ್ಕಿತ್ತು. ಪೊಲೀಸ್ ಡೆಪ್ಯುಟಿ ಕೈಲ್ ಹೌಗೆನ್‌ನ ದೋಣಿ ಮಗುಚಿತು. ರೇಡಿಯೋ ಅವನ ಹೆಗಲಲ್ಲೇ ಇತ್ತು. ಫಾರ್ಗೊ ನಗರದಿಂದ ಮುಳುಗುಗಾರರು ಬಂದು ಐದು ದಿನ ಹುಡುಕಿದರು. ದೋಣಿ ಸಿಕ್ಕಿತು, ಟೋಪಿ ಸಿಕ್ಕಿತು... ಅವನು ಸಿಗಲಿಲ್ಲ. ಆರನೇ ದಿನ ಪೊಲೀಸರ ಮುಖ್ಯಸ್ಥ ಶೆರಿಫ್ ಹೇಳಿದ, "ಕೀಲಿ ಬದಲಿಸಿಬಿಡು, ಲೊರೀನ್."

ತಂತಿ ಸಿಕ್ಕಿಸಿದರೆ 'ಕಟಕ್'. ತುಂಬಿದರೆ 'ಪೀಪ್'. ಇಪ್ಪತ್ತಾರು ರೇಡಿಯೋ ಮುಗಿಯುವಾಗ ರಾತ್ರಿ ಹನ್ನೊಂದು. ಪೆಟ್ಟಿಗೆಯನ್ನು ತಿಜೋರಿಯಲ್ಲಿಟ್ಟು, ಬೀಗ ಹಾಕಿ, ಮನೆಗೆ ನಡೆದಳು.

ಚರ್ಚಿನ ಹಿಂದೆ ಹಳೆಯ ಬಾವಿ, ಅದರ ಮೇಲೊಂದು ಕೈಪಂಪು. ತೊಟ್... ತೊಟ್... ಪಕ್ಕದಲ್ಲಿ ಯಾರೋ ನಿಂತಿದ್ದರು. ಕೈಲ್‌ನ ಕೋಟು...

ಅವನ ಹೆಂಡತಿ ಟ್ವಿಲಾ.

"ಮುಗೀತಾ?" ಪಿಸುದನಿ.

"ಇಪ್ಪತ್ತಾರೂ."

"ಒಂದನ್ನಾದ್ರೂ ಹಳೇ ಕೀಲೀಲೇ ಬಿಡು ಅಂದಿದ್ದೆನಲ್ಲೇ. ಎಲ್ಲೋ ಮರ ಹಿಡ್ಕೊಂಡು ಕೂತಿದ್ರೆ... ಕೂಗಿದ್ರೆ, ಯಾರಿಗೆ ಕೇಳುತ್ತೆ?"

"ಆರು ದಿನ ಆಯ್ತು, ಟ್ವಿಲಾ."

"ಮದುವೇಗೇ ಎರಡು ಗಂಟೆ ತಡವಾಗಿ ಬಂದೋನು ಅವನು. ನಿಂಗೊತ್ತಲ್ಲ."

ಲೊರೀನ್‌ಗೆ ನಗಲಾಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ. ಹನ್ನೆರಡೂವರೆವರೆಗೆ ಇಬ್ಬರೂ ಅಲ್ಲೇ ನಿಂತಿದ್ದರು.

ಬೆಳಿಗ್ಗೆ ಶೆರಿಫ್ ಸ್ಟೇಷನ್‌ಗೆ ಕರೆಸಿದ. ತಿಜೋರಿಯ ಬೀಗ ಹಾಕಿದ ಹಾಗೇ ಇತ್ತಂತೆ, ಅವನೇ ತೆಗೆದದ್ದು. ಯಾವ ರೇಡಿಯೋಗೆ ಎಷ್ಟು ಹೊತ್ತಿಗೆ ಕೀಲಿ ತುಂಬಿತು ಎಂದು ಆ ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಇಪ್ಪತ್ತೇಳು ಸಾಲು. ಕೊನೆಯದು ಕೈಲ್‌ನ ರೇಡಿಯೋದ ನಂಬರು. ರಾತ್ರಿ ಹನ್ನೊಂದು ಐವತ್ತೆರಡು.

"ಕನಿಕರಕ್ಕೆ ನೀನೇ ಸೇರಿಸಿದ್ಯಾ? ನಿಜ ಹೇಳು, ಇದಕ್ಕೆ ಕೆಲಸ ಹೋಗುತ್ತೆ."

"ತಂತಿನ ರೇಡಿಯೋಗೆ ಸಿಕ್ಕಿಸದೇ ಪೆಟ್ಟಿಗೆ ಬರಕೊಳ್ಳೋದೇ ಇಲ್ಲ, ಸರ್. ಎಲ್ಲಿಂದ ತರ್ಲಿ ಅವನ ರೇಡಿಯೋನ? ಆ ಹೊತ್ತಲ್ಲಿ ನಾನು ಟ್ವಿಲಾ ಜೊತೆಗಿದ್ದೆ. ಕರೆಸಿ ಕೇಳಿ."

ಟ್ವಿಲಾ ಬಂದಳು. "ಹೌದು, ಬಾವಿ ಹತ್ರ ನನ್ ಜೊತೇಲೇ ಇದ್ಲು. ಯಾಕೆ?"

ಶೆರಿಫ್ ಪಟ್ಟಿ ತೋರಿಸಿದ. ಆಮೇಲೆ ತಂತಿ ತೋರಿಸಿದ. ತುದಿಯಲ್ಲಿ ಕಪ್ಪು ಕೆಸರು... ಇನ್ನೂ ಹಸಿ.

ಆ ಪಟ್ಟಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹತ್ತನೇ ಕ್ಲಾಸಿನವಳಾದರೂ ಇಪ್ಪತ್ತೇಳರವರೆಗೆ ಎಣಿಸಲು ಬರುತ್ತದೆ ನನಗೆ. ನಡೆದದ್ದು ನಡೆದದ್ದೇ.

ಟ್ವಿಲಾ ಅಳಲಿಲ್ಲ. ಆ ಕೆಸರನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಇಲ್ಲೀವರೆಗೆ ಬಂದೋನು, ಇನ್ನೆರಡು ಬೀದಿ ದಾಟಿ ಮನೆಗೆ ಯಾಕೆ ಬರಲಿಲ್ಲ, ಲೊರೀನ್?"