ಮೊಮ್ಮಗಳ ಬಾಗಿಲಿಗೆ ಬರೆಯಬೇಕಾದ ಹೆಸರು

ಈ ನೆಲದಡಿ ಮಲಗಿರುವ ನಮ್ಮ ಹಿರಿಯರೇ, ಅವರ ಮೇಲೆ ಕುರ್ಚಿ ಹಾಕಿ ಕೂತಿರುವ ಅಧ್ಯಕ್ಷೆ, ನನ್ನ ತಂಗಿ ರೊಸೆಟ್ಟಾ ಅವರೇ, ಆಲಿಸ್ ಸ್ಪ್ರಿಂಗ್ಸ್‌ನಿಂದ ಧೂಳು ಕುಡಿಯುತ್ತ ಬಂದ ಅತಿಥಿಗಳೇ, ನೆರಳಿಗಾಗಿ ನಾಯಿಗಳೊಡನೆ ಜಗಳಾಡುತ್ತಿರುವ ಸಭಿಕರೇ,

ಇವತ್ತು ಇಲ್ಲಿ ಕ್ಲಿನಿಕ್ ತೆರೆಯುತ್ತಿರುವ ನನ್ನ ಮೊಮ್ಮಗಳು ಸೈಕಾಲಜಿಸ್ಟ್ ಆಗಿದ್ದಾಳೆ. ಈ ಪದ ನನಗೆ ಹೊಸದೇ? ಅಲ್ಲ. ಹರೆಯದಲ್ಲಿ ಡಾರ್ವಿನ್ನಿನ ಕಾಲೇಜಿನಲ್ಲಿ ಒಂದು ಮಳೆಗಾಲ ಕಳೆದವನು ನಾನು. 'ಸೈಕಾಲಜಿ ಈಸ್ ದಿ ಸೈನ್ಸ್ ಆಫ್' ಎಂಬಲ್ಲಿಯವರೆಗೆ ನೆನಪಿದೆ. ಅಷ್ಟರಲ್ಲಿ ಮೇಷ್ಟ್ರ ಹಿಂದಿನ ಕಿಟಕಿಗೆ ಮೋಡ ಬಂದಿತ್ತು.

ಅವಳಿಗೆ ನನ್ನ ಹೆಂಡತಿಯ ಹೆಸರನ್ನೇ ಇಟ್ಟಿದ್ದೆವು. ಹೆಂಡತಿ ತೀರಿಕೊಂಡಾಗ ಆ ಹೆಸರನ್ನೂ ಮಣ್ಣು ಮಾಡಿದೆವು. ಸತ್ತವರ ಹೆಸರು ಹಿಡಿದು ಕರೆದರೆ, ಆಚೆಗೆ ಹೋಗುತ್ತಿರುವವರು ತಿರುಗಿ ನೋಡುತ್ತಾರಲ್ಲವೇ? ಹುಡುಗಿಯನ್ನು ಅಂದಿನಿಂದ ಕುಮಂಜಾಯಿ ಎಂದೆವು. ಸತ್ತವರ ಹೆಸರು ಹೊತ್ತವರೆಲ್ಲರಿಗೂ ಈ ಮರುಭೂಮಿಯ ಮೂಲನಿವಾಸಿಗಳಾದ ನಮ್ಮಲ್ಲಿ ಅದೇ ಹೆಸರು. ಹಳೆಯ ಹೆಸರನ್ನು ಇನ್ನು ಕರೆಯಬಹುದು ಎಂದು ಬಿಡಿಸಿಕೊಡಬೇಕಾದವನು ಗಂಡ, ಅಂದರೆ ನಾನು. ವರ್ಷಗಳು ಹೋದವು, ನಾನು ಬಿಡಿಸಿಕೊಡಲಿಲ್ಲ.

ನಗರದ ವಿಶ್ವವಿದ್ಯಾಲಯದಲ್ಲಿ ಅವಳು ನಿದ್ದೆ ಬಾರದೆ ಬಂದಿದ್ದ ನಮ್ಮ ಕಡೆಯ ಮುದುಕರೊಬ್ಬರ ಪಕ್ಕದಲ್ಲಿ ಇಡೀ ಮಧ್ಯಾಹ್ನ ಸುಮ್ಮನೆ ಕೂತಿದ್ದಳಂತೆ. "ಏನಮ್ಮಾ, ಒಂದು ಪ್ರಶ್ನೆಯನ್ನೂ ಕೇಳಲಿಲ್ವಲ್ಲ?" ಎಂದರಂತೆ ಮೇಡಮ್ಮು. "ಅವರಿನ್ನೂ ಸುಮ್ಮನಿರೋದು ಮುಗಿಸಿರ್ಲಿಲ್ಲ ಮೇಡಂ" ಎಂದಳಂತೆ ಇವಳು. ಮೇಡಮ್ಮು ಫೇಲ್ ಮಾಡಿದ್ದರಿಂದ ಆ ಪಾಠವನ್ನು ಅವಳು ಇನ್ನೊಮ್ಮೆ ಕಲಿಯಬೇಕಾಯಿತು. ಮುದುಕರಿಗೆ ಮಾತ್ರ ಆ ವಾರ ನಿದ್ದೆ ಬಂತು.

ಪದವಿ ಕೊಡುವ ದಿನ ಕಾಗದಪತ್ರದಲ್ಲಿ ಉಳಿದಿದ್ದ ಆ ಹಳೆಯ ಹೆಸರು ಮೈಕಿನಲ್ಲಿ ಮೊಳಗುವ ಮೊದಲೇ ನಾನು ಕಿವಿ ಮುಚ್ಚಿಕೊಂಡು ಹೊರಗೋಡಿದೆ. ಕರಿ ಗೌನಿನಲ್ಲೇ ಅವಳು ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು. ಇಬ್ಬರೂ ಎದುರಿನ ಹುಲ್ಲನ್ನೇ ನೋಡಿದೆವು. ಹೊತ್ತು ಕಳೆದ ಮೇಲೆ ನಾನೇ ಹೇಳಿದೆ: ಕನಸಿನಲ್ಲಿ ಒಣಗಿದ ಹೊಳೆ, ಮರಳಿನಡಿ ನೀರಿನ ಸದ್ದು, ನಿನ್ನಜ್ಜಿ ಮುಂದೆ ಮುಂದೆ ಹೋಗುತ್ತಾಳೆ, ನಾನು ಮನಸ್ಸಿನಲ್ಲೇ ಕರೆಯುತ್ತೇನೆ, ಅವಳು ನಿಲ್ಲುತ್ತಾಳೆ.

"ತಿರುಗಿದಾಗ ಅಜ್ಜಿ ಮುಖ ಹೆಂಗಿರುತ್ತೆ ತಾತ?"

"ಸುಸ್ತಾಗಿರುತ್ತೆ ಕಣೇ."

ಅವಳು ಗೌನಿನ ತೋಳು ಮಡಚಿಕೊಂಡು ಮತ್ತೆ ಹುಲ್ಲಿನ ಕಡೆ ತಿರುಗಿದಳು.

ಇವತ್ತು ಬೆಳಿಗ್ಗೆ ರೊಸೆಟ್ಟಾ ಬಂದಳು. "ಅಣ್ಣಾ, ಕ್ಲಿನಿಕ್ಕಿನ ಬಾಗಿಲಿಗೆ ಏನು ಬರೆಸ್ಲಿ? ಕುಮಂಜಾಯಿ ಅಂದ್ರೆ ಅರ್ಧ ಊರೇ ಬಂದು ಡಾಕ್ಟರ್ ಕುರ್ಚೀಲಿ ಕೂರುತ್ತೆ!" ನಾನು ಹೋಗಿ ಮರದಡಿ ಮಲಗಿದೆ. ಜೊಂಪು ಹತ್ತಿತು. ಅದೇ ಹೊಳೆ, ಅದೇ ಬೆನ್ನು. ಈ ಸಲ ನಾನು ಕರೆಯಲಿಲ್ಲ. ಸುಮ್ಮನೆ ಕೂತು ನೋಡಿದೆ. ಅವಳು ಆಚೆ ದಡ ಹತ್ತಿ, ಬೆಳ್ಳನೆಯ ಹುಲ್ಲಿನೊಳಗೆ ಹೊರಟುಹೋದಳು.

ಆದ್ದರಿಂದ ಸಭಿಕರೇ, ಗಂಡನಾದ ನಾನು ನಿಮ್ಮೆಲ್ಲರ ಎದುರು ಆ ಹೆಸರನ್ನು ಬಿಡಿಸಿಕೊಡುತ್ತಿದ್ದೇನೆ.

ಡಲ್ಸಿ.

ನೋಡಿ, ಒಬ್ಬಳೇ ತಿರುಗಿದಳು. ಮೂರನೆಯ ಸಾಲಿನಲ್ಲಿ, ಕೆಂಪು ಅಂಗಿಯವಳು. ಕೇಳಿಸಿಕೊಂಡಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.