ಇನ್ನೊಬ್ಬಳು ಬರೀತಿದ್ದಾಳೆ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಕರೆಂಟೂ ಹೋಯಿತು. ಮರುದಿನ ಪರೀಕ್ಷೆ ಇದ್ದರೂ ಓದದಿರಲು ಒಳ್ಳೆಯ ನೆಪ ಸಿಕ್ಕಿತೆಂದು ಹಾಸ್ಟೆಲಿನ ಹುಡುಗಿಯರು ಹೊದಿಕೆ ಎಳೆದುಕೊಂಡು ಗುಂಡಿ ಅಜ್ಜಿಯ ಕೋಣೆಗೆ ನುಗ್ಗಿದರು. ಅಜ್ಜಿ ಆ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಶಾಲೆ ಬಿಟ್ಟು ಹೋಗಲಿಲ್ಲ. ಮೂಲೆಯ ಕೋಣೆಯಲ್ಲಿದ್ದುಕೊಂಡು ಯೂನಿಫಾರ್ಮಿನ ಕಿತ್ತುಹೋದ ಗುಂಡಿ ಹೊಲಿದುಕೊಡುತ್ತಿದ್ದಳು, ಕಿತ್ತುಕೊಂಡು ಬಂದವರಿಗೆ ಮಂಗಳಾರತಿಯನ್ನೂ ಎತ್ತುತ್ತಿದ್ದಳು.

ಹೊಸ ಹುಡುಗಿ ಬಾಗಿಲ ಬಳಿಯೇ ಕೂತಳು. ಅವಳ ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ತಂದೆಗೆ ಹಡಗಿನಲ್ಲಿ ಕೆಲಸ, ಬೇರೆ ದಾರಿ ಕಾಣದೆ ಮಗಳನ್ನು ಇಲ್ಲಿ ತಂದು ಬಿಟ್ಟಿದ್ದ. ಒಂದೊಂದು ಅಕ್ಷರವನ್ನೂ ಮುದ್ದು ಮಾಡಿ ಕೂರಿಸುವಷ್ಟು ನಿಧಾನ ಅವಳ ಕೈ. ನಾಳೆ ಬರೆದು ಮುಗಿಸಲಾರೆ ಎಂದು ಜೊತೆಯವರ ಬಳಿ ಹೇಳಿಕೊಂಡಿದ್ದಳು. ಇಲ್ಲಿ ಪರೀಕ್ಷೆಗೆ ಗಂಟೆ ಹೊಡೆಯೋದಿಲ್ಲ, ಎಷ್ಟು ಹೊತ್ತಾದರೂ ಬರಿ, ಕೊನೆಯವಳಾಗಿ ಎದ್ದರೆ ಮಾತ್ರ ಎದುರಿಗಿರೋ ಖಾಲಿ ಕುರ್ಚಿಗೆ ಹೇಳುವ ಮಾತು ಮರೀಬೇಡ ಎಂದು ಅವರು ನಕ್ಕಿದ್ದರು. ಆ ಮಾತು ಯಾಕೆ ಹೇಳಬೇಕು ಎಂದು ಅವಳು ಮೆಲ್ಲಗೆ ಕೇಳಿದಳು. ಲಾಟೀನಿನ ಮುಂದೆ ಹೊಲಿಯುತ್ತಿದ್ದ ಅಜ್ಜಿ ಸೂಜಿ ಕೆಳಗಿಟ್ಟಳು.

“ನಗೋರು ನಗಲಿ, ನೀನು ಮುಂದೆ ಬಾ. ಬಾಗಿಲಲ್ಲಿ ಕೂತ್ರೆ ಎರಚಲು ಹೊಡೆಯುತ್ತೆ... ಕೇಳಿ ಎಲ್ರೂ. ನಡುವೆ ಬಾಯಿ ಹಾಕಿದ್ರೆ ಎಬ್ಬಿಸಿ ಕಳಿಸ್ತೀನಿ.

ಈಗ ಇದು ಮಹಡಿ ಮೇಲೆ ಮಹಡಿ ಎದ್ದಿರೋ ಸ್ಕೂಲು. ದೊಡ್ಡ ದೊಡ್ಡವರು ಮಗಳಿಗೊಂದು ಸೀಟು ಕೊಡಿ ಅಂತ ಬಂದು ನಿಲ್ತಾರೆ. ಮೊದಲು ಏನಿತ್ತು ಗೊತ್ತಾ? ಒಂದು ಮನೆ, ಆ ಮನೇದೊಂದು ಮುಂದಿನ ಕೋಣೆ. ನಿಮ್ಮ ಪರೀಕ್ಷೆ ನಡೆಯುತ್ತಲ್ಲ, ಎತ್ತರದ ಕಿಟಕಿ ರೂಮು, ಅದೇ. ಆ ಮನೇಲಿದ್ದ ತಾಯಿಗೆ ಒಬ್ಬಳೇ ಮಗಳು. ಜಾಣೆ, ಆದ್ರೆ ಕೈ ನಿಧಾನ. ದೊಡ್ಡ ಹೈಸ್ಕೂಲಿಗೆ ಸೇರೋಕೆ ಅಂತ ಪರೀಕ್ಷೆಗೆ ಕೂತ್ಲು. ಗಂಟೆ ಹೊಡೀತು, ಅರ್ಧ ಬರೆದ ಸಾಲು ಅರ್ಧಕ್ಕೇ ನಿಂತಿದ್ದ ಹಾಗೇ ಕಾಗದ ಕಿತ್ಕೊಂಡ್ರು. ಮಗು ಫೇಲು. ಕಂಡವರೆಲ್ಲ ದಡ್ಡಿ ಅಂದ್ರು. ತಾಯಿ ಹೊಟ್ಟೆ ಉರಿಯೋಲ್ವಾ? ನಿಧಾನ ಅಂದ್ರೆ ದಡ್ಡತನಾನಾ? ಆಯಮ್ಮ ಹಟಕ್ಕೆ ಬಿದ್ದು ತಾನೇ ಸ್ಕೂಲು ತೆಗೆದ್ಲು. ಮುಂದಿನ ಕೋಣೇಲಿ ಬೆಂಚು ಹಾಕಿ, ಅಕ್ಕಪಕ್ಕದ ಮನೆ ಹೆಣ್ಣುಮಕ್ಕಳನ್ನ ಕೂಡಿಸ್ಕೊಂಡು, ಮತ್ತೆ ಆ ಪರೀಕ್ಷೆಗೆ ತಯಾರು ಮಾಡೋಕೆ ಹೊರಟ್ಲು. ಅಲ್ಲಿ ಒಂದೇ ಕಟ್ಟಳೆ. ಕೊನೆಯವಳು ಪೆನ್ನು ಕೆಳಗಿಡೋವರೆಗೂ ಟೀಚರ್ ಕೂತಿರಬೇಕು, ಬೇಗ ಬೇಗ ಅಂತ ಯಾರೂ ಯಾರಿಗೂ ಹೇಳಬಾರದು. ಚಿನ್ನದಂಥ ಕಟ್ಟಳೆ, ಈಗಲೂ ಅಂತೀನಿ. ಆದ್ರೆ ಅದೇ ಆಯಮ್ಮನ ಕೊರಳಿಗೆ ಸುತ್ಕೊಂತು, ಏನ್ ಮಾಡ್ತೀರಿ?

ಒಂದಿನ ಆ ಮುಂದಿನ ಕೋಣೇಲೇ ಪರೀಕ್ಷೆ. ಮಗಳಿಗೆ ಕೆಂಡದಂಥ ಜ್ವರ. ಅಮ್ಮನಿಗೆ ಗೊತ್ತಾದ್ರೆ ಬರೆಯೋಕೆ ಬಿಡಲ್ಲ ಅಂತ ಮುಚ್ಚಿಟ್ಟು ಬಂದು ಕೂತಿದ್ಲು. ಒಬ್ಬೊಬ್ಬರೇ ಬರೆದು ಎದ್ದು ಹೋದ್ರು. ಉಳಿದಿದ್ದು ಇವಳು, ಎದುರಿಗೆ ಕುರ್ಚಿ ಮೇಲೆ ತಾಯಿ. ‘ಇನ್ನು ಸ್ವಲ್ಪ ಅಮ್ಮ’ ಅಂದ್ಲು. ‘ನಿಧಾನವಾಗಿ ಬರಿ ಕಂದ, ನಾನು ಇಲ್ಲೇ ಇರ್ತೀನಿ’ ಅಂದ್ಲು ತಾಯಿ. ಮಗು ತೋಳ ಮೇಲೆ ತಲೆ ಇಟ್ಕೊಂತು. ಯೋಚನೆ ಮಾಡ್ತಿದೆ ಅಂದ್ಕೊಂಡ್ಲು ಆಯಮ್ಮ... ಬಿಸಿಲು ಇಳೀತು, ಕಿಟಕಿ ಹೊರಗೆ ಮಬ್ಬಾಯ್ತು, ಕರೆದ್ರೆ ಎಲ್ಲಿ ಅವಸರ ಮಾಡಿದ ಹಾಗಾಗುತ್ತೋ ಅಂತ ಉಸಿರು ಬಿಗಿಹಿಡಿದು ಕೂತೇ ಇದ್ಲು. ಕೆಲಸದವಳು ದೀಪ ತಂದು ಮಗೂನ ಮುಟ್ಟಿ ನೋಡಿದ ಮೇಲೇ ಗೊತ್ತಾಗಿದ್ದು... ಅದು ಯಾವಾಗ್ಲೋ ಹೋಗ್ಬಿಟ್ಟಿತ್ತು.”

ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಹೊಸ ಹುಡುಗಿಗೆ ತನ್ನ ಅಮ್ಮನೂ ಹಾಗೇ ಎದುರಿಗೆ ಕೂತು ಕಾಯುತ್ತಿದ್ದಳು ಎಂದು ಯಾರಿಗಾದರೂ ಹೇಳಬೇಕೆನಿಸಿತು.

“ಅಷ್ಟಾದ ಮೇಲೆ ಬೇರೆಯವರಾಗಿದ್ರೆ ಬಾಗಿಲು ಹಾಕ್ತಿದ್ರು. ಆಯಮ್ಮ ಹಾಕಲಿಲ್ಲ. ಊರ ಮಕ್ಕಳೆಲ್ಲ ಬಂದು ಕಲಿತ್ರು, ಎಲ್ಲರಿಗೂ ಅವಳು ದೊಡ್ಡಮ್ಮ ಆದ್ಲು. ಆದ್ರೆ ಪ್ರತಿ ಪರೀಕ್ಷೇಲೂ ಕೊನೆಗೆ ಏಳೋ ಹುಡುಗೀನ ‘ಎಲ್ಲರದೂ ಮುಗೀತಾ?’ ಅಂತ ಕೇಳೋಳು. ಯಾವಳೋ ಪುಣ್ಯಾತ್ಗಿತ್ತಿ ಆ ಮುಖ ನೋಡಲಾರದೆ ‘ಇಲ್ಲ ದೊಡ್ಡಮ್ಮ, ಇನ್ನೊಬ್ಬಳು ಬರೀತಿದ್ದಾಳೆ’ ಅಂದ್ಬಿಟ್ಲು. ಆಯಮ್ಮನ ಜೀವ ತಣ್ಣಗಾಯ್ತು. ಖಾಲಿ ಬೆಂಚು ನೋಡ್ತಾ ನೆಮ್ಮದಿಯಾಗಿ ಕೂತ್ಲು. ಅವತ್ತಿಂದ ಅದೇ ಪದ್ಧತಿ. ದೊಡ್ಡಮ್ಮ ಸತ್ತ ಮೇಲೂ ಕುರ್ಚಿ ತೆಗೀಲಿಲ್ಲ, ಮಾತೂ ಬಿಡಲಿಲ್ಲ. ಹಿಂದೆ ಉಳಿದವರನ್ನ ನೆನೆಯೋದು ನಮ್ಮ ಶಾಲೆಯ ಆದರ್ಶ ಅಂತ ಹೆಡ್‌ಮಿಸ್ಸು ಭಾಷಣ ಬಿಗೀತಾರಲ್ಲ, ಬಿಗೀಲಿ. ನನಗೆ ಗೊತ್ತಿರೋದು ಬೇರೆ.

ನಾನು ಇಲ್ಲಿಗೆ ಬಂದಾಗ ನಿಮ್ಮಷ್ಟೇ ಇದ್ದೆ. ತಾಯಿ ಮುಖ ನೋಡಿದವಳಲ್ಲ. ಸಾಕಿದ ಸೋದರತ್ತೆ ತಲೆ ಬಾಚೋಕೆ ಕೂತ್ರೆ ಕಣ್ಣಲ್ಲಿ ನೀರು ಬರೋ ಹಾಗೆ ಎಳೆಯೋಳು. ಬರೆಯೋದ್ರಲ್ಲಿ ನಾನೂ ಆಮೆ. ಮೊದಲ ಪರೀಕ್ಷೇಲೇ ಕೊನೆಗೆ ಉಳಿದೆ. ಮೇಲ್ವಿಚಾರಣೆ ಟೀಚರ್ ಯಾರೋ ಕರೆದ್ರು ಅಂತ ಹೊರಗೆ ಹೋಗಿದ್ರು. ಅಂಗಳದಲ್ಲಿ ಬರೆದು ಮುಗಿಸಿದವರ ಆಟದ ಗಲಾಟೆ, ನನಗೋ ಸಿಟ್ಟು. ಮೊಂಡಿ ಬೇರೆ. ಇಲ್ಲದವರಿಗೆ ಯಾಕೆ ಸುಳ್ಳು ಹೇಳಲಿ ಅಂತ ಕುರ್ಚಿ ಕಡೆ ತಿರುಗಿ ‘ಇನ್ಯಾರೂ ಇಲ್ಲ, ನಾನೇ ಕೊನೆಯವಳು, ಮುಗೀತು’ ಅಂದೆ.

ಕುರ್ಚಿ ಕಿರ್ ಅಂತು... ಯಾರೋ ಬಹಳ ಹೊತ್ತು ಕೂತಿದ್ದು ಮಂಡಿ ಹಿಡ್ಕೊಂಡು ಏಳ್ತಾರಲ್ಲ, ಹಾಗೆ. ‘ಮುಗೀತಾ ಕಂದ? ಎಷ್ಟು ಹೊತ್ತು ಕಾದೆ. ಬಾ, ತಲೆ ಬಾಚ್ತೀನಿ.’ ಕಣ್ಣಿಗೆ ಯಾರೂ ಕಾಣಲ್ಲ. ಹೆಗಲ ಮೇಲೊಂದು ಕೈ, ಬಾವಿ ನೀರಿನಷ್ಟು ತಣ್ಣಗೆ. ಕೂತ್ಕೊಂಡೆ. ಓಡಿ ಹೋಗ್ಬೇಕು ಅಂತ ಅನ್ನಿಸಲೇ ಇಲ್ಲ. ಜಡೆ ಬಿಚ್ಚಿ, ಒಂದೊಂದೇ ಸಿಕ್ಕು ಬಿಡಿಸಿ, ಎರಡು ಜಡೆ ಹೆಣೆದು ಮೇಲೆ ಮಡಚಿ ಕಟ್ಟಿದ್ಲು. ಆಮೇಲೆ ‘ಒಳಗೆ ಹೋಗೋಣ’ ಅಂದ್ಲು. ಆ ರೂಮಿಂದ ಒಳಮನೆಗಿದ್ದ ಬಾಗಿಲನ್ನ ಕಟ್ಟಡ ದೊಡ್ಡದು ಮಾಡುವಾಗ್ಲೇ ಇಟ್ಟಿಗೆ ಇಟ್ಟು ಮುಚ್ಚಿದ್ರು ಅಲ್ವಾ? ಅವತ್ತು ಅದು ತೆರೆದಿತ್ತು. ಒಳಗೆ ದೀಪ, ಹಾಸಿದ ಹಾಸಿಗೆ, ಪುಟ್ಟದೊಂದು ದಿಂಬು... ಒಂದು ಕಾಲು ಒಳಗಿಟ್ಟೆ. ಅಷ್ಟರಲ್ಲಿ ಹಾಸ್ಟೆಲಿನ ಆಯಾ ಹುಡುಕ್ಕೊಂಡು ಬಂದು ನನ್ನ ಹೆಸರು ಹಿಡಿದು ಕೂಗಿದ್ಲು. ತಿರುಗಿ ನೋಡಿದೆ. ಮತ್ತೆ ಈ ಕಡೆ ನೋಡಿದ್ರೆ ಬರೀ ಗೋಡೆ. ಒಳಗಿಟ್ಟ ಕಾಲಿನ ಬೂಟು ಇವತ್ತಿಗೂ ಸಿಕ್ಕಿಲ್ಲ.

ಎಲ್ರೂ ಬದುಕ್ಕೊಂಡೆ ಅಂದ್ರು. ನಾನು ಮಾತ್ರ ಅಳ್ತಾನೇ ಇದ್ದೆ... ಹೆದರಿ ಅಲ್ಲ. ಆಯಾ ಯಾಕಾದ್ರೂ ಕರೆದ್ಲೋ ಅಂತ. ಅದಕ್ಕೇ ಈ ಸ್ಕೂಲು ಬಿಡಲಿಲ್ಲ, ಮದುವೆ ಗೊಡವೆಗೂ ಹೋಗಲಿಲ್ಲ. ಈಗಲೂ ಪರೀಕ್ಷೆ ಮುಗಿದ ಮೇಲೆ ಹೋಗಿ ಆ ಕುರ್ಚಿ ಮುಂದೆ ನಿಂತು ನಾನೇ ಕೊನೆಯವಳು ಅಂತೀನಿ. ಅಲ್ಲಾಡೋದಿಲ್ಲ. ಈ ನರೆತ ಮುದುಕಿ ಯಾವ ತಾಯಿ ಕಣ್ಣಿಗೆ ಪುಟ್ಟ ಮಗಳ ಹಾಗೆ ಕಾಣ್ತಾಳೆ, ನೀವೇ ಹೇಳಿ?”

ಅಜ್ಜಿ ಹೊಸ ಹುಡುಗಿಯ ಕಡೆ ಬಾಗಿದಳು.

“ಇವತ್ತು ಬೆಳಿಗ್ಗೆ ಆ ರೂಮು ಗುಡಿಸೋಕೆ ಹೋಗಿದ್ದೆ. ಕುರ್ಚಿ ತಿರುಗಿ ಕೂತಿದೆ... ಕಿಟಕಿ ಪಕ್ಕದ ಬೆಂಚಿನ ಕಡೆಗೆ. ನಿನ್ನ ನಂಬರು ಅಂಟಿಸಿರೋದು ಅಲ್ಲೇ ಅಲ್ವಾ ಮಗು?”

ಹುಡುಗಿ ಹೌದೆಂದು ತಲೆಯಾಡಿಸಿದಳು. ಅವಳು ಹೆದರಿದ ಹಾಗೆ ಕಾಣಲಿಲ್ಲ.

“ಅಜ್ಜಿ, ಸಿಕ್ಕು ಬಿಡಿಸುವಾಗ ಸ್ವಲ್ಪಾನೂ ನೋವಾಗಲಿಲ್ವಾ?”

ಅಜ್ಜಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇಲ್ಲ ಕಣೇ. ಸ್ವಲ್ಪಾನೂ ಇಲ್ಲ... ನಾಳೆ ಕಿಟಕಿ ಹೊರಗೆ ನಾನೇ ನಿಂತಿರ್ತೀನಿ. ನಿನ್ನ ಹೆಸರು ಹಿಡಿದು ಕೂಗ್ತೀನಿ. ತಿರುಗಿ ನೋಡ್ತೀಯ ತಾನೆ? ... ಏಯ್, ಮಾತಾಡು ಮಗು. ನೋಡ್ತೀಯ ತಾನೆ?”